ಕೃಷ್ಣನ್, ಎಂ.: ಕುರುಚಲು ಸೀಮೆಯ ನಿಸರ್ಗ ಲೇಖಕ

ಕೃಷ್ಣನ್, ಮಾಧವಯ್ಯ (30 ಜೂನ್ 1912 – 18 ಫೆಬ್ರವರಿ 1996). ನಿಸರ್ಗ ಲೇಖಕ, ಅಂಕಣಕಾರ, ವನ್ಯಜೀವಿ ಛಾಯಾಗ್ರಾಹಕ, ಚಿತ್ರಕಾರ. ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಗೆ 1950ರಲ್ಲಿ ಬರೆಯತೊಡಗಿದ ‘ಕಂಟ್ರಿ ನೋಟ್‌ಬುಕ್’ ಅಂಕಣವನ್ನು ತೀರಿಕೊಳ್ಳುವವರೆಗೂ, ಅಂದರೆ 46 ವರ್ಷ ನಡೆಸಿದರು. ಹುಟ್ಟಿದ್ದು ತಿರುನೆಲ್ವೇಲಿಯಲ್ಲಿ, ಬೆಳೆದದ್ದು ಮದರಾಸಿನಲ್ಲಿ. ಬರವಣಿಗೆ ಹದಗೊಂಡ ನಡುಹರೆಯವನ್ನು, 1942ರಿಂದ 1949ರವರೆಗೆ, ಕಳೆದದ್ದು ಬಳ್ಳಾರಿ ಸೀಮೆಯ ಸಂಡೂರಿನಲ್ಲಿ. ಭಾರತದ ವನ್ಯಜೀವಿ ಬರಹ ಎಂದಕೂಡಲೇ ಹುಲಿ, ಆನೆ, ದಟ್ಟ ಕಾಡುಗಳು ನೆನಪಾಗುತ್ತವೆ. ಕೃಷ್ಣನ್ ಅವುಗಳ ಬಗ್ಗೆಯೂ ಬರೆದರು. ಆದರೆ ಅವರನ್ನು ಬೇರೆಯವರಿಂದ ಬೇರ್ಪಡಿಸುವ ಗುಣ ಇನ್ನೊಂದಿದೆ. ಮಳೆ ಕಡಿಮೆಯಿರುವ ನಾಡಿನ ಕುರುಚಲು ಗುಡ್ಡ, ಹುಲ್ಲುಬಯಲು, ಊರ ಕೆರೆ, ಮನೆಯ ಹಿತ್ತಲು, ಇವೂ ಕಾಡಿನಷ್ಟೇ ಗಂಭೀರವಾದ ಅಧ್ಯಯನಕ್ಕೆ ತಕ್ಕವು ಎಂದು ಅವರು ನಂಬಿದ್ದರು, ಆ ನಂಬಿಕೆಗೆ ತಕ್ಕಂತೆ ಬರೆದರು. ಶಿರಹಟ್ಟಿ, ಮುಂಡರಗಿ, ಗದಗ ಸೀಮೆಯ ನೆಲವನ್ನು ಬಲ್ಲವರು ಕೃಷ್ಣನ್ ಅವರನ್ನು ಓದಲೇಬೇಕಾದ ಕಾರಣವೂ ಇದೇ.

ಬಾಲ್ಯ ಮತ್ತು ಶಿಕ್ಷಣ

ತಂದೆ ಎ. ಮಾಧವಯ್ಯ (1872–1925) ತಮಿಳು ಕಾದಂಬರಿಯ ಮೊದಲ ತಲೆಮಾರಿಗೆ ಸೇರಿದವರು. ‘ಪದ್ಮಾವತಿ ಚರಿತ್ರಂ’ ಅವರ ಹೆಸರಾಂತ ಕೃತಿ. ಸರ್ಕಾರದ ಉಪ್ಪು ಮತ್ತು ಅಬಕಾರಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದರು. 1925ರಲ್ಲಿ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ತಮಿಳಿನ ಪರವಾಗಿ ಮಾತನಾಡುತ್ತಿದ್ದಾಗಲೇ ಅಸುನೀಗಿದರು. ಎಂಟು ಮಕ್ಕಳಲ್ಲಿ ಕಿರಿಯವರಾದ ಕೃಷ್ಣನ್ ಆಗ ಹದಿಮೂರರ ಹುಡುಗ. ಮೈಲಾಪುರದ ಸುತ್ತ ಇನ್ನೂ ಕುರುಚಲು ಕಾಡು ಉಳಿದಿದ್ದ ಕಾಲವದು. ಮದರಾಸು ಈಗಿನಂತೆ ಬೆಳೆದಿರಲಿಲ್ಲ. ಆ ಪರಿಸರದಲ್ಲಿ ಪ್ರಾಣಿಪಕ್ಷಿಗಳ ಕಡೆಗೆ ಹುಟ್ಟಿದ ಕುತೂಹಲಕ್ಕೆ ಪ್ರೆಸಿಡೆನ್ಸಿ ಕಾಲೇಜು ಶಿಸ್ತು ಕಲಿಸಿತು. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಸ್ಯಸಂಪತ್ತನ್ನು ಕುರಿತು ಗ್ರಂಥ ರಚಿಸಿದ ಪಿ. ಎಫ್. ಫೈಸನ್ ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಜೊತೆ ಬೆಟ್ಟ ಸುತ್ತಿದ ಕೃಷ್ಣನ್ ಗಿಡವನ್ನು ಗುರುತಿಸುವುದನ್ನೂ ಅದನ್ನು ಬಿಡಿಸಿ ತೋರಿಸುವುದನ್ನೂ ಒಟ್ಟಿಗೆ ಕಲಿತರು. 1931ರಲ್ಲಿ ಬಿ.ಎ. ಮುಗಿಸಿ, ಮುಂದೆ ಸಸ್ಯಶಾಸ್ತ್ರದಲ್ಲಿ ಎಂ.ಎ., ಆಮೇಲೆ ಕಾನೂನು ಪದವಿ ಪಡೆದರು. 1937ರಲ್ಲಿ ಬೆಂಗಳೂರಿನ ಇಂದುಮತಿಯವರನ್ನು ಮದುವೆಯಾದರು. ಪದವಿಗಳಿದ್ದರೂ ನೆಲೆಯಾದ ನೌಕರಿ ಸಿಗಲಿಲ್ಲ. ಸಣ್ಣ ಪತ್ರಿಕೆಗಳಿಗೆ ಲೇಖನ, ವ್ಯಂಗ್ಯಚಿತ್ರ ಕೊಡುತ್ತ ಕೆಲವು ವರ್ಷ ಸಂಸಾರ ನೀಗಿಸಿದರು. ಕನ್ನಡ ಓದುಗರು ಇಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ: ಕೆಲವು ದಶಕಗಳ ಬಳಿಕ ಇದೇ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದವರು ‘ಹಸುರು ಹೊನ್ನು’ ಬರೆದ ಬಿ. ಜಿ. ಎಲ್. ಸ್ವಾಮಿ. ಗಿಡಮರಗಳನ್ನು ಅವು ಬೆಳೆಯುವ ನೆಲದಲ್ಲೇ ಕಂಡು ಕಲಿಯುವ ಪರಿಪಾಠದಿಂದ ಎರಡು ಭಾಷೆಗಳಲ್ಲಿ ಇಬ್ಬರು ದೊಡ್ಡ ಬರಹಗಾರರು ಬಂದರು.

ಸಂಡೂರಿನ ಏಳು ವರ್ಷ

ಸಂಡೂರು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ನಡುವೆ ಇದ್ದ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1942ರಲ್ಲಿ ಅಲ್ಲಿನ ಅರಸರು ಕೃಷ್ಣನ್ ಅವರಿಗೆ ಕೆಲಸ ಕೊಟ್ಟರು. ಚಿಕ್ಕ ಸಂಸ್ಥಾನವಾದ್ದರಿಂದ ಒಬ್ಬನೇ ಹಲವು ಹೊಣೆ ಹೊರಬೇಕಿತ್ತು. ಶಾಲಾ ಶಿಕ್ಷಕ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಮಹಾರಾಜರ ರಾಜಕೀಯ ಕಾರ್ಯದರ್ಶಿ, ಹೀಗೆ ಕೃಷ್ಣನ್ ಒಂದಾದ ಮೇಲೊಂದು ಹುದ್ದೆ ನಿರ್ವಹಿಸಿದರು. ಕಚೇರಿಯ ಕೆಲಸ ತೀರಿದ ಮೇಲೆ ಗುಡ್ಡ ಸುತ್ತಿದರು, ಪಾರಿವಾಳಗಳನ್ನು ಸಾಕಿ ತಳಿ ಬೆಳೆಸಿದರು, ಕುರಿ ಮೇಯಿಸಿ ನೋಡಿದರು. 1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತ್ಯದಲ್ಲಿ ವಿಲೀನವಾದಾಗ ಕೆಲಸ ಮುಗಿಯಿತು. ಕೃಷ್ಣನ್ ಮದರಾಸಿಗೆ ಮರಳಿ, ಆ ಮೇಲೆ ಯಾವ ನೌಕರಿಗೂ ಸೇರದೆ ಬರವಣಿಗೆ ಮತ್ತು ಛಾಯಾಚಿತ್ರಗಳನ್ನೇ ನಂಬಿ ಬದುಕಿದರು.

ನಾಲ್ಕೂವರೆ ದಶಕ ಮೀರಿದ ವೃತ್ತಿಜೀವನದ ಮುಂದೆ ಏಳು ವರ್ಷದ ಸಂಸ್ಥಾನದ ಚಾಕರಿಗೆ ಇಷ್ಟು ತೂಕ ಕೊಡಬಹುದೇ ಎಂಬ ಪ್ರಶ್ನೆ ಸಹಜ. ಕಾಲಾನುಕ್ರಮವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಸಂಡೂರು ಬಿಟ್ಟ ಮರುವರ್ಷವೇ ‘ಕಂಟ್ರಿ ನೋಟ್‌ಬುಕ್’ ಆರಂಭವಾಯಿತು. ಪ್ರವಾಸದಲ್ಲಿ ಕಂಡದ್ದನ್ನು ಬರೆಯಲು ಕೆಲವು ವಾರಗಳ ನೋಟ ಸಾಕು. ಪಾಕ್ಷಿಕ ಅಂಕಣವನ್ನು ದಶಕಗಟ್ಟಲೆ ನಡೆಸಲು ಮಾತ್ರ ಒಂದೇ ಜಾಗದಲ್ಲಿ ಎಲ್ಲ ಋತುಗಳನ್ನು ಹಲವು ಸುತ್ತು ಕಂಡ ಅನುಭವ ಬೇಕು. ಮುಂಗಾರು ತಪ್ಪಿದ ವರ್ಷ ಯಾವ ಹಕ್ಕಿ ಗೂಡು ಕಟ್ಟುವುದಿಲ್ಲ, ಬೇಸಿಗೆಯಲ್ಲಿ ನೀರಿನ ಹೊಂಡದ ಬಳಿ ಯಾವ ಪ್ರಾಣಿ ಯಾವ ಹೊತ್ತಿಗೆ ಬರುತ್ತದೆ, ಕುರಿ ಹಿಂಡಿನ ಹಿಂದೆ ತೋಳ ಹೇಗೆ ಸಾಗುತ್ತದೆ, ಇಂಥ ಪ್ರಶ್ನೆಗಳಿಗೆ ನೆಲೆನಿಂತವನಿಗಷ್ಟೇ ಉತ್ತರ ಸಿಗುತ್ತದೆ. ಸಂಡೂರು ಕೃಷ್ಣನ್‌ಗೆ ಆ ನೆಲೆಯನ್ನೂ ಬಿಡುವನ್ನೂ ಕೊಟ್ಟಿತು. ಜೊತೆಗೆ ಅದು ಅಭಯಾರಣ್ಯವಾಗಿರಲಿಲ್ಲ. ಜನ ಉಳುವ, ಮೇಯಿಸುವ, ಸೌದೆ ತರುವ, ಅದಿರು ತೆಗೆಯುವ ನಾಡಾಗಿತ್ತು. ಮನುಷ್ಯನೂ ಕಾಡುಪ್ರಾಣಿಯೂ ಒಂದೇ ನೆಲದಲ್ಲಿ ಬದುಕುವುದನ್ನು ಅವರು ಅಲ್ಲಿ ದಿನನಿತ್ಯ ಕಂಡರು.

ಅಂಕಣದ ರೀತಿ

ಆ ಅನುಭವದ ಗುರುತು ಅಂಕಣದ ವಸ್ತುವಿನಲ್ಲೇ ಇದೆ. ಕಾಗೆ, ಗೊರವಂಕ, ಅಳಿಲು, ಹಲ್ಲಿ, ನರಿ, ಆಡು, ಊರನಾಯಿ, ಊರ ಬದಿಯ ಮರ, ಇವುಗಳಿಗೆ ಆನೆ ಮತ್ತು ಕಾಟಿಯ ಪಕ್ಕದಲ್ಲೇ ಜಾಗ ದೊರೆಯಿತು. 1961ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಜಂಗಲ್ ಅಂಡ್ ಬ್ಯಾಕ್‌ಯಾರ್ಡ್’. ಕಾಡನ್ನೂ ಹಿತ್ತಲನ್ನೂ ಸರಿಸಾಟಿಯಾಗಿ ನಿಲ್ಲಿಸುವ ನಿಲುವು ಆ ಹೆಸರಿನಲ್ಲೇ ಸ್ಪಷ್ಟವಾಗಿದೆ. ಲೇಖನಗಳು ಚಿಕ್ಕವು. ಪ್ರತಿಯೊಂದರಲ್ಲೂ ಒಂದು ಪ್ರಾಣಿ ಅಥವಾ ಒಂದು ನಡವಳಿಕೆ ಇರುತ್ತದೆ, ಜೊತೆಗೆ ಅವರೇ ಮಸಿಯಲ್ಲಿ ಬರೆದ ರೇಖಾಚಿತ್ರ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಓದುಗನಿಗೆ ತಿಳಿಯುವಂತೆ ಬೇರೆ ಮಾಡಿ ಹೇಳುವುದು ಅವರ ಕ್ರಮ. ಪುಸ್ತಕಗಳಲ್ಲಿ ಬಂದ ಮಾತನ್ನು ತಮ್ಮ ಕಣ್ಣಿಗೆ ಬಿದ್ದದ್ದರೊಂದಿಗೆ ಹೋಲಿಸಿ, ಹೊಂದದಿದ್ದರೆ ಹಾಗೆಂದೇ ಬರೆದರು. ತಮಿಳು ಮತ್ತು ಸಂಸ್ಕೃತ ಕಾವ್ಯಗಳಲ್ಲಿ ಪ್ರಾಣಿಪಕ್ಷಿಗಳು ಬರುವ ಬಗೆಯೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮಿಳು ವಿಶ್ವಕೋಶಕ್ಕೂ ಲೇಖನಗಳನ್ನು ಬರೆದುಕೊಟ್ಟರು. ಬೇಟೆಯ ರೋಮಾಂಚ ಅವರಲ್ಲಿ ಇಲ್ಲ. ಜಿಮ್ ಕಾರ್ಬೆಟ್ ಮತ್ತು ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಕಥೆಗಳಿಂದ ಹೆಸರಾದ ಕಾಲದಲ್ಲೇ ಕೃಷ್ಣನ್ ಬಂದೂಕಿಲ್ಲದ, ಸಾವಿಲ್ಲದ, ಘಟನೆಯೇ ಇಲ್ಲದ ನಿಸರ್ಗವನ್ನು ಓದುವಂತೆ ಬರೆದು ತೋರಿಸಿದರು. ಪತ್ರಿಕೆಯೊಂದು ಅದನ್ನು 46 ವರ್ಷ ಪ್ರಕಟಿಸಿತು ಎಂಬುದೇ ಅಂಥ ಬರಹಕ್ಕೆ ಓದುಗರಿದ್ದರು ಎಂಬುದಕ್ಕೆ ಸಾಕ್ಷಿ.

ಛಾಯಾಚಿತ್ರ, ಸಮೀಕ್ಷೆ, ಗೌರವಗಳು

ಕೃಷ್ಣನ್ ಕಪ್ಪುಬಿಳುಪಿನ ಛಾಯಾಗ್ರಾಹಕರು. ಬಣ್ಣದ ಫಿಲ್ಮ್ ಸುಲಭವಾಗಿ ಸಿಗತೊಡಗಿದ ಮೇಲೂ ಅದರ ಕಡೆಗೆ ಹೊರಳಲಿಲ್ಲ. ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಕೂಡಿಸಿ ತಮಗೆ ಬೇಕಾದ ಭಾರಿ ಕ್ಯಾಮೆರಾವನ್ನು ತಾವೇ ಸಿದ್ಧಪಡಿಸಿಕೊಂಡು, ಅದಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ಹೆಸರಿಟ್ಟಿದ್ದರು. ಅವರ ಚಿತ್ರಗಳಲ್ಲಿ ಪ್ರಾಣಿ ಎಂದೂ ಒಂಟಿಯಾಗಿ ನಿಲ್ಲುವುದಿಲ್ಲ, ಅದು ತಿನ್ನುವ ಗಿಡ, ನಿಂತ ನೆಲ, ಹಿಂಡಿನಲ್ಲಿ ಅದರ ಸ್ಥಾನ ಇವೆಲ್ಲ ಕಾಣುತ್ತವೆ. ಅವರಿಗೆ ಚಿತ್ರವೂ ಕ್ಷೇತ್ರ ಟಿಪ್ಪಣಿಯೇ ಆಗಿತ್ತು. 1968ರಲ್ಲಿ ಜವಾಹರಲಾಲ್ ನೆಹರು ಫೆಲೋಷಿಪ್ ದೊರೆತಾಗ ಪರ್ಯಾಯದ್ವೀಪ ಭಾರತದ ದೊಡ್ಡ ಸ್ತನಿಗಳ ಪರಿಸರ ಸಮೀಕ್ಷೆ ನಡೆಸಿದರು. ಅದರ ಫಲ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಗಳಾಗಿ ಬಂದು, ಆಮೇಲೆ ‘ಇಂಡಿಯಾಸ್ ವೈಲ್ಡ್‌ಲೈಫ್ ಇನ್ 1959–70’ ಎಂಬ ಪುಸ್ತಕವಾಯಿತು. ವಿಶ್ವವಿದ್ಯಾಲಯದ ಹುದ್ದೆಯಿಲ್ಲದ ಅಂಕಣಕಾರನೊಬ್ಬ ವಿಜ್ಞಾನಿಗಳ ಪತ್ರಿಕೆಯಲ್ಲಿ ಇಷ್ಟು ದೊಡ್ಡ ಸಮೀಕ್ಷೆ ಪ್ರಕಟಿಸಿದ ಉದಾಹರಣೆಗಳು ನಮ್ಮಲ್ಲಿ ವಿರಳ. ಹುಲಿ ಯೋಜನೆ ರೂಪುಗೊಂಡಾಗ ಅದರ ಮಾರ್ಗದರ್ಶಕ ಸಮಿತಿಯಲ್ಲಿದ್ದರು. 1970ರಲ್ಲಿ ಪದ್ಮಶ್ರೀ, 1995ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಗ್ಲೋಬಲ್ 500’ ಗೌರವ ಬಂದವು. 1985ರಲ್ಲಿ ‘ನೈಟ್ಸ್ ಅಂಡ್ ಡೇಸ್’ ಪ್ರಕಟವಾಯಿತು. ನಿಧನದ ಬಳಿಕ ರಾಮಚಂದ್ರ ಗುಹಾ ಸಂಪಾದಿಸಿದ ‘ನೇಚರ್ಸ್ ಸ್ಪೋಕ್ಸ್‌ಮನ್’ (2000) ಹೊಸ ತಲೆಮಾರಿಗೆ ಅವರನ್ನು ಪರಿಚಯಿಸಿತು. ಛಾಯಾಚಿತ್ರಗಳ ಸಂಕಲನ ‘ಐ ಇನ್ ದ ಜಂಗಲ್’ (2006) ಹೊರಬರಲು ಬೆಂಗಳೂರಿನ ಹೆಸರಾಂತ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಕೈಜೋಡಿಸಿದರು. ಸಂಡೂರಿನಲ್ಲೂ ಈ ಪರಂಪರೆ ಮುಂದುವರಿಯಿತು. ಆ ರಾಜಮನೆತನದ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿ ಪ್ರಸಿದ್ಧರಾದಂತೆ ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು.

ಸಂಡೂರಿನಿಂದ ಕಪ್ಪತಗುಡ್ಡಕ್ಕೆ

ಶಿರಹಟ್ಟಿ ಸೀಮೆಗೂ ಕೃಷ್ಣನ್ ಅವರಿಗೂ ಇರುವ ಸಂಬಂಧ ನೆಲದ ಮೂಲಕ ಬಂದದ್ದು. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಾದುಹೋಗುವ ಕಪ್ಪತಗುಡ್ಡವೂ ಹೊಳೆಯಾಚೆಯ ಸಂಡೂರಿನ ಗುಡ್ಡಗಳೂ ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹ ಎಂದು ಕರೆಯುವ ಅತಿ ಪ್ರಾಚೀನ ಬಂಡೆಗಳ ಪಟ್ಟಿಗಳು. ಎರಡೂ ಕಡೆ ಗುಡ್ಡದ ಮೈಮೇಲೆ ಕುರುಚಲು ಕಾಡು, ಕೆಳಗೆ ಎರೆ ಮತ್ತು ಮಸಾರಿ ಹೊಲ, ನಡುವೆ ಕೆರೆಗಳು. ಎರಡೂ ಕಡೆ ಒಡಲಲ್ಲಿ ಅದಿರು: ಸಂಡೂರಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್, ಕಪ್ಪತಗುಡ್ಡದಲ್ಲಿ ಅವುಗಳ ಜೊತೆಗೆ ಚಿನ್ನ. ಬಂಡೆ ಒಂದೇ ಬಗೆಯದಾದ್ದರಿಂದ ಎದುರಾದ ಅಪಾಯವೂ ಒಂದೇ ಬಗೆಯದು. ಸಂಡೂರು, ಬಳ್ಳಾರಿ, ಹೊಸಪೇಟೆ ಭಾಗದಲ್ಲಿ ಗಣಿಗಾರಿಕೆ ಮಿತಿಮೀರಿ, ಲೋಕಾಯುಕ್ತ ವರದಿ ಬಂದ 2011ರಲ್ಲೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆಯಬೇಕಾಯಿತು. ಕಪ್ಪತಗುಡ್ಡದ ಕಥೆ ಬೇರೆ ದಾರಿ ಹಿಡಿಯಿತು. 2015ರ ಕೊನೆಯಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು, 2016ರಲ್ಲಿ ಆ ಘೋಷಣೆ ರದ್ದಾಯಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳೂ ಪರಿಸರ ಹೋರಾಟಗಾರರೂ ರೈತರೂ ಎದ್ದುನಿಂತ ಫಲವಾಗಿ 2017ರಲ್ಲಿ ಮತ್ತೆ ಸ್ಥಾನಮಾನ ಸಿಕ್ಕಿ, 2019ರಲ್ಲಿ 244 ಚದರ ಕಿಲೋಮೀಟರ್‌ಗೂ ಮೀರಿದ ಪ್ರದೇಶ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆ, ನರಿ, ಕೊಂಡುಕುರಿ ಮತ್ತು ನೂರಾರು ಔಷಧೀಯ ಸಸ್ಯಗಳು ಅಲ್ಲಿ ಇವೆ ಎಂಬ ತಿಳಿವಳಿಕೆಯೇ ಗುಡ್ಡ ಉಳಿಸಬೇಕೆಂಬ ವಾದದ ಆಧಾರವಾಗಿತ್ತು.

ಮರದ ದಟ್ಟಣೆಯಿಂದಲೇ ನೆಲದ ಬೆಲೆ ಅಳೆಯುವ ರೂಢಿ ನಮ್ಮ ಆಡಳಿತದಲ್ಲಿ ಬೇರೂರಿದೆ. ಕೇಂದ್ರ ಸರ್ಕಾರ ಹೊರತರುವ ಬಂಜರುಭೂಮಿ ನಕಾಶೆಯಲ್ಲಿ ಕುರುಚಲು ನೆಲ ಕೂಡ ಬಂಜರಿನ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಸೇರಿದ ಮೇಲೆ ಅದನ್ನು ‘ಉದ್ಧಾರ’ ಮಾಡುವ ಯೋಜನೆ ಬರುತ್ತದೆ: ನೀಲಗಿರಿ ನೆಡುವುದು, ಅಕೇಶಿಯ ನೆಡುವುದು, ಇಲ್ಲವೇ ಕಾರ್ಖಾನೆಗೆ ಕೊಡುವುದು. ಹೊರದೇಶದಿಂದ ತಂದ ಬಳ್ಳಾರಿ ಜಾಲಿ ಉತ್ತರ ಕರ್ನಾಟಕದ ಹುಲ್ಲುಬಯಲುಗಳನ್ನು ಆವರಿಸಿದ್ದನ್ನು ಎಲ್ಲರೂ ಬಲ್ಲರು. ಚಿಗರಿಗಳಿಗೂ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಎಂದು 1974ರಲ್ಲಿ ಘೋಷಿಸಿದ ರಾಣೆಬೆನ್ನೂರಿನ ಧಾಮದಲ್ಲಿ ಬಹುಭಾಗ ನೀಲಗಿರಿ ತೋಪೇ ಇತ್ತು. ತೆರೆದ ನೆಲ ಬೇಕಾದ ಎರ್ಲಡ್ಡು ಅಲ್ಲಿಂದ ಕಣ್ಮರೆಯಾಯಿತು. ಪರಸ್ಥಳದ ಗಿಡಗಳನ್ನು ನೆಡುವುದನ್ನು ಕೃಷ್ಣನ್ ಬದುಕಿನುದ್ದಕ್ಕೂ ವಿರೋಧಿಸಿದರು. ದೇಶದ ಗುರುತು ಅದರ ನೆಲ, ಗಿಡ, ಪ್ರಾಣಿಗಳಲ್ಲಿದೆ ಎಂಬುದು ಅವರ ನಿಲುವು. ಅಂದು ಹಠದಂತೆ ಕಂಡಿರಬಹುದಾದ ಆ ವಾದ ರಾಣೆಬೆನ್ನೂರಿನ ಅನುಭವದ ಮುಂದೆ ಮುಂದಾಲೋಚನೆಯಾಗಿ ಕಾಣುತ್ತದೆ.

ಆಕ್ಷೇಪಗಳು

ಕೃಷ್ಣನ್ ಬಗ್ಗೆ ಎತ್ತಬಹುದಾದ ಗಟ್ಟಿ ಆಕ್ಷೇಪವೆಂದರೆ ಅವರ ಸಂರಕ್ಷಣಾ ನಿಲುವು ಜನರಿಗೆ ಕಠಿಣವಾದದ್ದು ಎಂಬುದು. ಕಾಡಿನ ಕೆಲವು ಭಾಗಗಳಾದರೂ ಮನುಷ್ಯನ ಕೈ ತಾಗದೆ ಇರಬೇಕೆಂದು ಅವರು ಒತ್ತಿ ಹೇಳಿದರು. ಕುರಿಗಾಹಿಗಳು, ಸಣ್ಣ ಹಿಡುವಳಿದಾರರು ಇರುವ ಸೀಮೆಯಲ್ಲಿ ಇದು ಅನ್ಯಾಯಕ್ಕೆ ದಾರಿಯಾಗಬಲ್ಲದು. ಶೇಂಗಾ, ಹೆಸರು ಬೆಳೆಗೆ ಚಿಗರಿ ಹಿಂಡು ನುಗ್ಗಿದಾಗ ನಷ್ಟ ಆಗುವುದು ರೈತನಿಗೆ, ಪಟ್ಟಣದ ಓದುಗನಿಗಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಒಪ್ಪಲೇಬೇಕು. ಆದರೆ ಅವರ ಬರಹದ ಇನ್ನೊಂದು ಮುಖವನ್ನು ಮರೆಯಲಾಗದು. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಪಕ್ಷಿಗಳ ಬಗ್ಗೆ ಅವರು ಆಸ್ಥೆಯಿಂದ ಬರೆದರು. ಆ ಕೆರೆಯನ್ನು ಕಾಪಾಡಿದವರು ಊರವರು. ಹಕ್ಕಿಗಳ ಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರವಾಗುತ್ತದೆಂದು ಬಲ್ಲ ಅವರು 1798ರಷ್ಟು ಹಿಂದೆಯೇ ಜಿಲ್ಲಾಧಿಕಾರಿಯಿಂದ ಬೇಟೆ ತಡೆಯುವ ಹಕ್ಕುಪತ್ರ ಪಡೆದಿದ್ದರು. ಇದೇ ಮಾತಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗಿಂತ ಹತ್ತಿರದ ಸಾಕ್ಷಿ ಬೇಡ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಜನ ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆಯದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಇಲ್ಲಿ ಇಳಿಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣದ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಮನುಷ್ಯ ಕಟ್ಟಿದ್ದು, ಮನುಷ್ಯ ಬಳಸುವುದು, ಹಕ್ಕಿಗೂ ಬೇಕಾದದ್ದು: ಕೃಷ್ಣನ್ ಅವರ ಕಠಿಣ ನಿಲುವಿನಿಂದ ಇಂಥ ಜಾಗವನ್ನು ಪೂರ್ತಿ ವಿವರಿಸಲಾಗದು, ಅವರ ಸೂಕ್ಷ್ಮ ನೋಟದಿಂದ ವಿವರಿಸಬಹುದು. ಆದ್ದರಿಂದ ಇಂದಿನ ಓದುಗ ಅವರ ನೀತಿಸಲಹೆಗಳನ್ನು ಪರೀಕ್ಷಿಸಿ ಸ್ವೀಕರಿಸಬೇಕು, ಅವರ ನೋಡುವ ಕ್ರಮವನ್ನು ಮಾತ್ರ ಹಾಗೆಯೇ ಕಲಿಯಬೇಕು.

ಇನ್ನೊಂದು ಆಕ್ಷೇಪ ಭಾಷೆಯದು. ಇಂಗ್ಲಿಷ್ ಮತ್ತು ತಮಿಳಿನಲ್ಲಿ ಬರೆದವರಿಗೆ ಕನ್ನಡದ ಪರಂಪರೆಯಲ್ಲಿ ಏನು ಸ್ಥಾನ? ಕನ್ನಡದಲ್ಲಿ ನಿಸರ್ಗ ಬರಹಕ್ಕೆ ಕೊರತೆಯಿಲ್ಲ. ಶಿವರಾಮ ಕಾರಂತ, ಬಿ. ಜಿ. ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿ ಇವರು ಭಾರತದ ಯಾವ ಭಾಷೆಯೂ ಹೆಮ್ಮೆಪಡುವಂಥ ಕೃತಿಗಳನ್ನು ಕೊಟ್ಟಿದ್ದಾರೆ. ಆದರೆ ಆ ಕೃತಿಗಳ ಭೂಗೋಳ ಬಹುಪಾಲು ಪಶ್ಚಿಮಘಟ್ಟ, ಮಲೆನಾಡು, ಕರಾವಳಿ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾರ್ಬೆಟ್ ಮತ್ತು ಆಂಡರ್ಸನ್ ಕಥೆಗಳು ಬೇಟೆಗಾರರ ಕಾಡಿನವು. ಕನ್ನಡ ನಾಡಿನ ವಿಸ್ತಾರದಲ್ಲಿ ದೊಡ್ಡ ಪಾಲು ಬಯಲುಸೀಮೆಯದಾದರೂ ಆ ಪಾಲಿನ ಪ್ರಾಣಿಪಕ್ಷಿಗಳಿಗೆ ಅಂಥ ಬರಹಗಾರ ಅಪರೂಪವಾಗಿ ಸಿಕ್ಕ. ಬಯಲುಸೀಮೆಯ ಜನಪದರಿಗೆ ಚಿಗರಿ, ತೋಳ, ಕೌಜುಗಗಳ ಬಗ್ಗೆ ಗೊತ್ತಿರುವುದು ಪುಸ್ತಕಕ್ಕಿಂತ ಹೆಚ್ಚು, ಅದು ಬರಹಕ್ಕೆ ಇಳಿದದ್ದು ಕಡಿಮೆ. ಬಳ್ಳಾರಿ ಸೀಮೆಯ ನೆಲದಲ್ಲಿ ನಿಂತು ಕಣ್ಣು ಪಳಗಿಸಿಕೊಂಡ ಕೃಷ್ಣನ್ ಆ ಕೊರತೆಯನ್ನು ಬೇರೆ ಭಾಷೆಯಲ್ಲಾದರೂ ತುಂಬಿದರು. ನೆಲದ ಲೆಕ್ಕದಲ್ಲಿ ಅವರು ನಮ್ಮವರೂ ಹೌದು.

ಬರೆಯುವುದರಿಂದ ಪ್ರಾಣಿಗಳು ಉಳಿಯುತ್ತವೆಯೇ ಎಂಬ ಸಂಶಯವೂ ಉಂಟು. ಕೃಷ್ಣನ್ ಬರೆಯುತ್ತಿದ್ದ ದಶಕಗಳಲ್ಲೇ ಎರ್ಲಡ್ಡು ಅಳಿವಿನಂಚಿಗೆ ಬಂತು, ಹುಲ್ಲುಬಯಲು ಕುಗ್ಗಿತು. ಬರಹವೊಂದೇ ಸಾಲದು ಎಂಬುದು ನಿಜ. ಆದರೆ ದಾಖಲೆಯಿಲ್ಲದ ಕಡೆ ನಷ್ಟವೂ ಕಾಣುವುದಿಲ್ಲ. 1942ರಲ್ಲಿ ಏನಿತ್ತೆಂದು ಯಾರೂ ಬರೆದಿಡದ ಗುಡ್ಡದಲ್ಲಿ 2011ರಲ್ಲಿ ಏನು ಹೋಯಿತೆಂದು ಹೇಳುವವರು ಇರುವುದಿಲ್ಲ. ಸಂಡೂರಿನ ಮಗ್ಗುಲಲ್ಲೇ 1994ರಲ್ಲಿ ದರೋಜಿ ಕರಡಿಧಾಮ ರೂಪುಗೊಂಡದ್ದು, ಕಪ್ಪತಗುಡ್ಡ ರದ್ದತಿಯ ಬಳಿಕವೂ ಮರಳಿ ಗೆದ್ದದ್ದು, ಇವುಗಳ ಹಿಂದೆ ಕುರುಚಲು ಕಾಡಿಗೂ ಬೆಲೆಯಿದೆ ಎಂಬ ಒಪ್ಪಿಗೆ ಇದೆ. ಆ ಒಪ್ಪಿಗೆ ಒಂದು ದಿನದಲ್ಲಿ ಮೂಡಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರೆದ ಕೃಷ್ಣನ್ ಅಂಥವರೇ ಅದಕ್ಕೆ ಹದ ಮಾಡಿಕೊಟ್ಟವರು.

ಸ್ಥಾನ

ಭಾರತದ ನಿಸರ್ಗ ಬರಹದಲ್ಲಿ ಸಲೀಂ ಅಲಿಯವರು ಪಕ್ಷಿವಿಜ್ಞಾನಕ್ಕೆ ತಳಪಾಯ ಹಾಕಿದರು, ಕಾರ್ಬೆಟ್ ಕಾಡಿನ ಕಥೆಗೆ ಜಗತ್ತಿನ ಓದುಗರನ್ನು ತಂದರು. ನಿತ್ಯದ ನಿಸರ್ಗವನ್ನು ಸಾಹಿತ್ಯದ ವಸ್ತುವಾಗಿಸಿ, ಆ ಸಾಹಿತ್ಯವನ್ನು ವಿಜ್ಞಾನದ ಪರೀಕ್ಷೆಗೆ ಒಡ್ಡಿದ್ದು ಕೃಷ್ಣನ್ ಅವರ ಕಾಣಿಕೆ. ಅದು ಸಾಧ್ಯವಾದದ್ದು ಕೇವಲ ಪ್ರತಿಭೆಯಿಂದಲ್ಲ. ಮೂರು ಅನುಕೂಲಗಳು ಕೂಡಿಬಂದಿದ್ದವು: ಹೊರಗೆ ಕರೆದೊಯ್ದು ಕಲಿಸುವ ಗುರು, ನೆಲೆನಿಂತು ನೋಡಲು ಒಂದು ಬಯಲುಸೀಮೆ, ಬರೆದದ್ದನ್ನು ತಪ್ಪದೆ ಅಚ್ಚು ಹಾಕುವ ಪತ್ರಿಕೆ. ಈ ಮೂರೂ ಇಂದಿನ ಕನ್ನಡಕ್ಕೆ ದುರ್ಲಭವಲ್ಲ. ಗದಗ ಜಿಲ್ಲೆಯಲ್ಲಿ ಕಾಲೇಜುಗಳಿವೆ, ಕಪ್ಪತಗುಡ್ಡ ಮತ್ತು ಮಾಗಡಿ ಕೆರೆಗಳಿವೆ, ಜಿಲ್ಲಾ ಪತ್ರಿಕೆಗಳಿವೆ, ಧಾರವಾಡ ಆಕಾಶವಾಣಿ 1950ರಿಂದ ಈ ಸೀಮೆಯ ಕಿವಿಗೆ ತಲುಪುತ್ತಿದೆ. ಹೆಬ್ಬಾತುಗಳು ಯಾವ ವಾರ ಬಂದವು, ಯಾವ ಹೊಲದಲ್ಲಿ ಮೇಯ್ದವು, ಗುಡ್ಡದ ಯಾವ ಹಳ್ಳದಲ್ಲಿ ಬೇಸಿಗೆಗೂ ನೀರಿತ್ತು ಎಂಬುದನ್ನು ವರ್ಷ ತಪ್ಪದೆ ಕನ್ನಡದಲ್ಲಿ ಬರೆದು ಪ್ರಕಟಿಸುವ ಕೆಲಸ ಇಲ್ಲೇ ನಡೆಯಬೇಕು. ಮುಂದೊಮ್ಮೆ ಈ ಗುಡ್ಡ, ಈ ಕೆರೆಯ ಹಣೆಬರಹ ನಿರ್ಧರಿಸುವ ಸಭೆ ಸೇರಿದಾಗ ಅಂಥ ದಾಖಲೆಯೇ ಊರವರ ಕೈಯಲ್ಲಿರುವ ಬಲವಾದ ಸಾಕ್ಷಿಯಾಗುತ್ತದೆ.